ರೈಲ್ವೆ ಗುಮಾಸ್ತರ ಮಗ ಡೆಲ್ ಬೊಸ್ಕೆ

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರ. ಹದಿನೈದು ವರ್ಷದ ನನ್ನ ಮಗ ದಿನವೂ ಸಂಜೆ ಫುಟ್‌ಬಾಲ್ ಆಡುತ್ತಾನೆ. ಆಟ ಚೆನ್ನಾಗಿದೆ, ಮಾತು ಕಡಿಮೆ. ‘ಗದರಿಸಲು ಬಾರದವನು ನಾಯಕನೂ ಆಗಲಾರ, ಕೋಚ್ ಕೂಡ ಆಗಲಾರ’ ಎಂದು ಮೈದಾನದಲ್ಲಿ ಹಿರಿಯರೊಬ್ಬರು ಹೇಳಿದ ಮಾತು ಅವನನ್ನು ಕಾಡುತ್ತಿದೆ. ಸ್ಪೇನ್‌ಗೆ ವಿಶ್ವಕಪ್ ಗೆಲ್ಲಿಸಿದ ಡೆಲ್ ಬೊಸ್ಕೆ ಮಿತಭಾಷಿಯೆಂದು ಕೇಳಿದ್ದೇನೆ. ಲೀಗ್ ಗೆದ್ದ ಮರುದಿನವೇ ಕ್ಲಬ್ ಅವರನ್ನು ಕೈಬಿಟ್ಟಿತೆಂಬುದು ನಿಜವೇ?
— ಓದುಗರೊಬ್ಬರು, ಗದಗ ರಸ್ತೆ, ಹುಬ್ಬಳ್ಳಿ

ಉತ್ತರ: ನಿಮ್ಮ ಮಗನಿಗೆ ಮೊದಲು ಒಂದು ಸಂಗತಿ ಹೇಳಿ: ವಿಸೆಂಟೆ ಡೆಲ್ ಬೊಸ್ಕೆ ಕೂಡ ರೈಲ್ವೆ ನೌಕರರ ಮಗ. 1950ರ ಡಿಸೆಂಬರ್ 23ರಂದು ಸ್ಪೇನಿನ ಸಲಮಾಂಕಾ ನಗರದಲ್ಲಿ ಹುಟ್ಟಿದ ಅವರು ಬೆಳೆದದ್ದು ರೈಲ್ವೆ ಕಾರ್ಮಿಕರೇ ಹೆಚ್ಚಾಗಿದ್ದ ಗಾರಿಡೊ ಬಡಾವಣೆಯಲ್ಲಿ. ಗುಮಾಸ್ತರಾಗಿದ್ದ ತಂದೆ ಸ್ಪೇನಿನ ಅಂತರ್ಯುದ್ಧದ (1936-39) ಕಾಲದಲ್ಲಿ ತಮ್ಮ ರಾಜಕೀಯ ನಿಲುವಿಗಾಗಿ ಸೆರೆವಾಸ ಅನುಭವಿಸಿದವರು.

ಹದಿಹರೆಯದಲ್ಲೇ ರಿಯಲ್ ಮ್ಯಾಡ್ರಿಡ್ ಕ್ಲಬ್ ಸೇರಿದ ಡೆಲ್ ಬೊಸ್ಕೆ, ಕೆಲವು ಋತುಗಳನ್ನು ಕ್ಯಾಸ್ತೆಯೋನ್ ಮತ್ತು ಕೊರ್ಡೊಬಾ ತಂಡಗಳಲ್ಲಿ ಎರವಲು ಆಟಗಾರರಾಗಿ ಕಳೆದು, 1973ರಲ್ಲಿ ಮರಳಿ ಬಂದು ಮಿಡ್‌ಫೀಲ್ಡರ್ ಆಗಿ ನೆಲೆಯೂರಿದರು. ಓಟದಲ್ಲಿ ಅವರೇನೂ ಚುರುಕಲ್ಲ; ಚೆಂಡು ಎಲ್ಲಿಗೆ ಹೋಗಬೇಕೆಂಬುದನ್ನು ಮುಂಚೆಯೇ ಕಾಣುವುದು ಅವರ ಬಲವಾಗಿತ್ತು. ಐದು ಲೀಗ್, ನಾಲ್ಕು ಸ್ಪ್ಯಾನಿಷ್ ಕಪ್, ದೇಶಕ್ಕಾಗಿ 18 ಪಂದ್ಯ. 1984ರಲ್ಲಿ ಆಟ ನಿಲ್ಲಿಸಿದರು.

ಅವರ ಜೀವನದಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಅನಂತರದ ವರ್ಷಗಳು. ಕ್ಲಬ್ಬಿನ ಕಿರಿಯರ ತಂಡಗಳ ಹೊಣೆ ಹೊತ್ತು, ಪತ್ರಿಕೆಗಳ ಕಣ್ಣಿಗೆ ಅಷ್ಟಾಗಿ ಬೀಳದ ಆ ಕೆಲಸವನ್ನು ಅವರು ವರ್ಷಗಟ್ಟಲೆ ಮಾಡಿದರು. ನಡುವೆ ಎರಡು ಬಾರಿ ಹಿರಿಯರ ತಂಡವನ್ನು ತಾತ್ಕಾಲಿಕವಾಗಿ ನೋಡಿಕೊಳ್ಳಲು ಕರೆ ಬಂತು, ಹೋಗಿ ಮರಳಿದರು. 1999ರ ನವೆಂಬರ್‌ನಲ್ಲಿ ಮತ್ತೆ ಕರೆ ಬಂದಾಗ ಅಲ್ಲೇ ಉಳಿದು, 2000 ಮತ್ತು 2002ರಲ್ಲಿ ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್, 2001 ಮತ್ತು 2003ರಲ್ಲಿ ಸ್ಪ್ಯಾನಿಷ್ ಲೀಗ್ ಗೆಲ್ಲಿಸಿದರು. ಫಿಗೊ, ಜಿದಾನ್, ರೊನಾಲ್ಡೊ, ರಾಉಲ್ ಒಂದೇ ತಂಡದಲ್ಲಿದ್ದ ಕಾಲವದು. ಅಂಥವರನ್ನು ಗದರಿಸಿ ಆಡಿಸಲು ಸಾಧ್ಯವೂ ಇರಲಿಲ್ಲ.

ನೀವು ಕೇಳಿದ್ದು ನಿಜ. 2003ರ ಜೂನ್‌ನಲ್ಲಿ ಲೀಗ್ ಗೆದ್ದ ಮರುದಿನವೇ ಅವರ ಒಪ್ಪಂದವನ್ನು ಮುಂದುವರಿಸುವುದಿಲ್ಲವೆಂದು ಕ್ಲಬ್ ತಿಳಿಸಿತು. ಅವರ ರೀತಿ ಹಳೆಯದು, ಹೊಸ ಕಾಲದ ವಿಧಾನ ಬೇಕು ಎಂಬುದು ಆಡಳಿತದ ವಾದವಾಗಿತ್ತು. ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಮುಂದಿನ ಲೀಗ್ ಗೆಲ್ಲಲು ಆ ಕ್ಲಬ್ 2007ರವರೆಗೆ, ಚಾಂಪಿಯನ್ಸ್ ಲೀಗ್‌ಗೆ 2014ರವರೆಗೆ ಕಾಯಬೇಕಾಯಿತು.

ಟರ್ಕಿಯ ಬೆಸಿಕ್ಟಾಸ್‌ನಲ್ಲಿ ಅವರು ಹೆಚ್ಚು ಕಾಲ ಇರಲಿಲ್ಲ. 2008ರಲ್ಲಿ, ಆಗಷ್ಟೇ ಯುರೋ ಕಪ್ ಗೆದ್ದಿದ್ದ ಸ್ಪೇನ್ ತಂಡವನ್ನು ಲೂಯಿಸ್ ಅರಗೊನೆಸ್ ಅವರಿಂದ ವಹಿಸಿಕೊಂಡರು. 2010ರ ವಿಶ್ವಕಪ್‌ನ ಮೊದಲ ಪಂದ್ಯದಲ್ಲೇ ಸ್ವಿಟ್ಜರ್ಲೆಂಡ್ ಎದುರು 0-1 ಸೋಲು. ಮಿಡ್‌ಫೀಲ್ಡರ್‌ಗಳಾದ ಬುಸ್ಕೆಟ್ಸ್ ಮತ್ತು ಶಾಬಿ ಅಲೊನ್ಸೊ ಇಬ್ಬರನ್ನೂ ರಕ್ಷಣಾ ಸಾಲಿನ ಮುಂದೆ ನಿಲ್ಲಿಸಿದ್ದೇ ತಪ್ಪು, ಒಬ್ಬರನ್ನು ತೆಗೆಯಬೇಕು ಎಂಬ ಟೀಕೆ ಎಲ್ಲೆಡೆಯಿಂದ ಬಂತು. ಡೆಲ್ ಬೊಸ್ಕೆ ಯಾರೊಡನೆಯೂ ಜಗಳಕ್ಕೆ ನಿಲ್ಲದೆ, ಬುಸ್ಕೆಟ್ಸ್ ಪರವಾಗಿ ಬಹಿರಂಗವಾಗಿಯೇ ಮಾತಾಡಿ, ಏಳೂ ಪಂದ್ಯಗಳಲ್ಲಿ ಇಬ್ಬರನ್ನೂ ಆಡಿಸಿದರು. ನಾಕೌಟ್‌ನ ನಾಲ್ಕೂ ಪಂದ್ಯಗಳನ್ನು ಸ್ಪೇನ್ 1-0 ಅಂತರದಿಂದಲೇ ಗೆದ್ದಿತು. ಎದುರಾಳಿಗಳಿಗೆ ಇಡೀ ಟೂರ್ನಿಯಲ್ಲಿ ಸಿಕ್ಕಿದ್ದು ಎರಡೇ ಗೋಲು. 2012ರ ಯುರೋ ಫೈನಲ್‌ನಲ್ಲಿ ಅದೇ ತಂಡ ಇಟಲಿಯನ್ನು 4-0ರಿಂದ ಸೋಲಿಸಿತು. ಈ ಎರಡೂ ಕಪ್‌ಗಳ ನಡುವೆ ಸ್ಪೇನ್ ತಂಡದಲ್ಲಿದ್ದ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ಆಟಗಾರರು ಕ್ಲಬ್ ಪಂದ್ಯಗಳಲ್ಲಿ ಕಿತ್ತಾಡಿಕೊಂಡಿದ್ದರೆಂಬುದನ್ನು ನೆನೆದರೆ, ಅವರನ್ನು ಒಂದೇ ತಂಡವಾಗಿ ಉಳಿಸಿದ ಆ ಮನುಷ್ಯನ ತಾಳ್ಮೆ ಎಷ್ಟೆಂದು ತಿಳಿಯುತ್ತದೆ. 2014ರ ವಿಶ್ವಕಪ್‌ನಲ್ಲಿ ನೆದರ್ಲೆಂಡ್ಸ್ ಎದುರು 1-5ರಿಂದ ಸೋತು ತಂಡ ಬೇಗನೆ ಹೊರಬಿದ್ದದ್ದೂ ಅವರ ಕಾಲದಲ್ಲೇ. 2016ರಲ್ಲಿ ಹುದ್ದೆ ಬಿಟ್ಟರು.

2010ರ ಫೈನಲ್ ಪಂದ್ಯದ ವಿಡಿಯೊ ಸಿಕ್ಕರೆ ಮಗನೊಂದಿಗೆ ಕುಳಿತು ನೋಡಿ. ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ, 16ನೆಯ ನಂಬರಿನ ಬುಸ್ಕೆಟ್ಸ್ ಎಲ್ಲಿ ನಿಂತಿದ್ದಾರೆ, ಪಾಸ್ ಬರುವ ಮುಂಚೆ ಎಷ್ಟು ಬಾರಿ ಕತ್ತು ತಿರುಗಿಸುತ್ತಾರೆ ಎಂಬುದನ್ನಷ್ಟೇ ಎಣಿಸಲು ಅವನಿಗೆ ಹೇಳಿ.