ಗಯಾನಾ ದೇಶ ಹೇಗಿದೆ? ಎಣ್ಣೆ ಸಿಕ್ಕ ಮೇಲೆ ಎಲ್ಲರೂ ಶ್ರೀಮಂತರಾದರಾ?

ದಕ್ಷಿಣ ಅಮೆರಿಕದ ಗಯಾನಾ ಎಂಬ ಪುಟ್ಟ ದೇಶದ ನೆಲ, ಜನ, ದುಡ್ಡು, ಸರ್ಕಾರ ಹೇಗಿದೆ ಎಂದು ಕೇಳಿದ್ದೀರಿ. ಎಣ್ಣೆಯಿಂದ ಅಲ್ಲಿ ಎಲ್ಲರೂ ಶ್ರೀಮಂತರಾಗಿದ್ದಾರಂತೆ, ನಿಜವೇ ಎಂದೂ ಕೇಳಿದ್ದೀರಿ. ಕೆಲಸದ ಮೇಲೆ ಅದರ ರಾಜಧಾನಿ ಜಾರ್ಜ್‌ಟೌನ್‌ನಲ್ಲಿ ಸ್ವಲ್ಪ ಕಾಲ ಇದ್ದವನು ನಾನು. ಗೊತ್ತಿರುವಷ್ಟು ಹೇಳುತ್ತೇನೆ. ಒಂದು ಎಚ್ಚರಿಕೆ ಮೊದಲೇ ಇರಲಿ: ಈ ದೇಶದ ಬಗ್ಗೆ ಯಾವುದೇ ಅಂಕಿ ಕೇಳಿದರೂ ಅದನ್ನೇ ಹಿಡಿದುಕೊಂಡು ಕೂರಬೇಡಿ. ಅಂಕಿ ಸುಳ್ಳಲ್ಲ, ಆದರೆ ದಾರಿ ತಪ್ಪಿಸುತ್ತದೆ.

ಮೊದಲನೆಯದು ನಿಮ್ಮ ‘ಪುಟ್ಟ’ವೇ. ಗಯಾನಾದ ವಿಸ್ತೀರ್ಣ ಸುಮಾರು 2.15 ಲಕ್ಷ ಚದರ ಕಿಲೋಮೀಟರ್. ನಮ್ಮ ಕರ್ನಾಟಕ 1.92 ಲಕ್ಷ. ನಮಗಿಂತ ದೊಡ್ಡದು! ಜನ ಮಾತ್ರ ಎಂಟು ಲಕ್ಷ ಚಿಲ್ಲರೆ. ಹಾಗಂತ ಊರೆಲ್ಲ ಖಾಲಿ ಖಾಲಿ ಅಂದುಕೊಳ್ಳಬೇಡಿ. ಹತ್ತರಲ್ಲಿ ಸುಮಾರು ಒಂಬತ್ತು ಜನ ಅಟ್ಲಾಂಟಿಕ್ ದಂಡೆಯ ಕಿರಿದಾದ ಪಟ್ಟಿಯಲ್ಲೇ ಬದುಕುತ್ತಾರೆ. ಅದನ್ನು ದಾಟಿದರೆ ಕಾಡು, ಮತ್ತೆ ಕಾಡು, ನಡುನಡುವೆ ಎಸ್ಸೆಕ್ವಿಬೊದಂಥ ಭಾರಿ ನದಿಗಳು. ದಕ್ಷಿಣಕ್ಕೆ ಬ್ರೆಜಿಲ್ ಗಡಿಯ ಹತ್ತಿರ ರುಪುನುನಿ ಎಂಬ ಹುಲ್ಲುಗಾವಲು.

ಆ ದಂಡೆಯ ಕಥೆ ಸ್ವಾರಸ್ಯವಾಗಿದೆ. ಸಮುದ್ರ ಉಕ್ಕಿದಾಗ ಜಾರ್ಜ್‌ಟೌನ್‌ನ ನೆಲ ನೀರಿನ ಮಟ್ಟಕ್ಕಿಂತ ಕೆಳಗಿರುತ್ತದೆ. ಬ್ರಿಟಿಷರಿಗಿಂತ ಮುಂಚೆ ಇಲ್ಲಿ ಡಚ್ಚರಿದ್ದರು. ಜೌಗು ನೆಲಕ್ಕೆ ಒಡ್ಡು ಹಾಕಿ, ಕಾಲುವೆ ತೋಡಿ, ಕಬ್ಬಿನ ತೋಟ ಮಾಡಿದವರು ಅವರು. ತೋಡಿದವರು ಅಂದರೆ, ಅವರ ಕೈಕೆಳಗಿದ್ದ ಆಫ್ರಿಕದ ಗುಲಾಮರು. ಕಾಲುವೆಯ ಕೊನೆಯಲ್ಲಿ ‘ಕೋಕರ್’ ಎಂಬ ಬಾಗಿಲು ಇರುತ್ತದೆ. ಇಳಿತದಲ್ಲಿ ಅದನ್ನು ಎತ್ತಿ ಊರಿನ ನೀರನ್ನು ಸಮುದ್ರಕ್ಕೆ ಬಿಡುತ್ತಾರೆ, ಭರತದಲ್ಲಿ ಮುಚ್ಚುತ್ತಾರೆ. ಕುಮಟಾ ಕಡೆಯ ಗಜನಿ ಗದ್ದೆಗಳ ಒಡ್ಡು ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಭಾರಿ ಮಳೆಯೂ ಭರತವೂ ಒಟ್ಟಿಗೆ ಬಂದರೆ ನೀರಿಗೆ ಹೋಗಲು ಜಾಗವೇ ಇಲ್ಲ. 2005ರ ಜನವರಿಯ ಪ್ರವಾಹವನ್ನು ಜನ ಇನ್ನೂ ಮರೆತಿಲ್ಲ. ಹಳೆಯ ಮನೆಗಳು ಕಂಬಗಳ ಮೇಲೆ ನಿಂತಿರುವುದೂ ಇದಕ್ಕೇ. ಕೆಳಗಿನ ಜಾಗದಲ್ಲಿ ಹ್ಯಾಮಕ್ ಕಟ್ಟಿ ಮಧ್ಯಾಹ್ನ ಕಳೆಯುತ್ತಾರೆ. ಮನೆಯಲ್ಲಿ ಅತಿ ತಂಪಾದ ಜಾಗ ಅದೇ.

ಜಲಪಾತದ ಹುಚ್ಚಿದ್ದರೆ ಕಾಯಿಟೂರ್ ನೋಡಲೇಬೇಕು. ಚಿಕ್ಕ ವಿಮಾನದಲ್ಲಿ ಹೋಗುತ್ತಾರೆ. 226 ಮೀಟರ್ ಒಂದೇ ಜಿಗಿತ. ಎತ್ತರದಲ್ಲಿ 253 ಮೀಟರಿನ ನಮ್ಮ ಜೋಗವೇ ಮೇಲು, ಸರಿ. ಆದರೆ ಅಲ್ಲಿ ಮೇಲ್ಗಡೆ ಲಿಂಗನಮಕ್ಕಿ ಇಲ್ಲ ನೋಡಿ!

ಇನ್ನು ಜನ. ಗುಲಾಮಗಿರಿ ನಿಂತ ಮೇಲೆ ಕಬ್ಬು ಕಡಿಯಲು ಕೂಲಿಗಳು ಬೇಕಾಯಿತು. 1838ರ ಮೇ 5ರಂದು ಭಾರತೀಯರನ್ನು ಹೊತ್ತ ಮೊದಲ ಹಡಗುಗಳು ಬಂದವು. 1917ರವರೆಗೆ ಹೀಗೆ ಕರಾರಿನ ಮೇಲೆ ಬಂದವರು ಸುಮಾರು 2.39 ಲಕ್ಷ. ಹೆಚ್ಚಿನವರು ಬಿಹಾರ, ಪೂರ್ವ ಉತ್ತರ ಪ್ರದೇಶದವರು. ಮದ್ರಾಸಿನಿಂದ ಬಂದವರೂ ಇದ್ದರು. ಇವತ್ತು ಭಾರತ ಮೂಲದವರು ಸುಮಾರು 40%, ಆಫ್ರಿಕ ಮೂಲದವರು 30%ರ ಹತ್ತಿರ. ಉಳಿದವರು ಮಿಶ್ರ ಮನೆತನದವರು ಮತ್ತು ಮೂಲನಿವಾಸಿಗಳು. ಹೋಳಿ, ದೀಪಾವಳಿ, ಈದ್‌ಗೆ ಸರ್ಕಾರಿ ರಜೆ. ಆದರೆ ಹಿಂದಿಯಲ್ಲಿ ಮಾತಾಡಿಸಿದರೆ ಸುಮ್ನೆ ನಗುತ್ತಾರೆ. ಮನೆಮಾತು ಇಂಗ್ಲಿಷ್ ಬೆರೆತ ಕ್ರಿಯೋಲ್. ದಕ್ಷಿಣ ಅಮೆರಿಕದಲ್ಲಿ ಇಂಗ್ಲಿಷ್ ಆಡಳಿತ ಭಾಷೆಯಾಗಿರುವ ದೇಶ ಇದೊಂದೇ. ಪೂಜೆಗೋ ಮದುವೆಗೋ ಕರೆದರೆ ತಪ್ಪದೆ ಹೋಗಿ. ದೊಡ್ಡ ತಾವರೆ ಎಲೆಯ ಮೇಲೆ ಅನ್ನ, ಏಳು ಬಗೆಯ ಪಲ್ಯ-ಸಾರು ಬಡಿಸುತ್ತಾರೆ. ಕ್ರಿಕೆಟ್ ಬಗ್ಗೆ ಬೇರೆ ಹೇಳಬೇಕಾ? ಕ್ಲೈವ್ ಲಾಯ್ಡ್, ರೋಹನ್ ಕನ್ಹಾಯ್, ಶಿವನಾರಾಯಣ್ ಚಂದ್ರಪಾಲ್, ಎಲ್ಲರೂ ಇಲ್ಲಿಯವರೇ.

ಈಗ ದುಡ್ಡಿನ ವಿಷಯ. ಮೊದಲಿಂದಲೂ ಇದ್ದದ್ದು ಸಕ್ಕರೆ, ಭತ್ತ, ಬಾಕ್ಸೈಟ್, ಚಿನ್ನ. ಬಡ ದೇಶ. ಓದಿದವರೆಲ್ಲ ನ್ಯೂಯಾರ್ಕ್, ಟೊರೊಂಟೊ ಸೇರಿದರು. 2015ರಲ್ಲಿ ಎಕ್ಸಾನ್‌ಮೊಬಿಲ್ ಕಂಪನಿಗೆ ಸಮುದ್ರದಾಳದಲ್ಲಿ ಎಣ್ಣೆ ಸಿಕ್ಕಿತು. 2019ರ ಡಿಸೆಂಬರ್‌ನಲ್ಲಿ ತೆಗೆಯಲು ಶುರು ಮಾಡಿದರು. 2022ರಲ್ಲಿ ಒಂದೇ ವರ್ಷಕ್ಕೆ ಆರ್ಥಿಕತೆ 60%ಗಿಂತ ಜಾಸ್ತಿ ಬೆಳೆಯಿತು. ನೀವು ಕೇಳಿದ ‘ಎಲ್ಲರೂ ಶ್ರೀಮಂತರು’ ಎಂಬ ಸುದ್ದಿ ಹುಟ್ಟಿದ್ದು ಇಲ್ಲೇ.

ಆದರೆ ಒಟ್ಟು ಉತ್ಪನ್ನವನ್ನು ತಲೆಗೆ ಭಾಗಿಸಿದರೆ ಬರುವ ಮೊತ್ತ ಯಾರ ಜೇಬಿನಲ್ಲೂ ಇಲ್ಲ. 2016ರ ಒಪ್ಪಂದ ನೋಡಿ. ನೂರು ಡಾಲರ್ ಎಣ್ಣೆಯಲ್ಲಿ 75 ಡಾಲರ್‌ವರೆಗೆ ಕಂಪನಿಗಳು ತಮ್ಮ ಖರ್ಚಿಗೆ ಹಿಡಿದುಕೊಳ್ಳಬಹುದು. ಉಳಿದದ್ದರಲ್ಲಿ ಅರ್ಧ ದೇಶಕ್ಕೆ, ಅದಲ್ಲದೆ ಪೂರಾ ನೂರರ ಮೇಲೆ 2% ರಾಯಧನ. ಕಂಪನಿಗಳು ಪೂರಾ 75 ಹಿಡಿದ ವರ್ಷ ಸರ್ಕಾರಕ್ಕೆ ಬರುವುದು ಹದಿನಾಲ್ಕೂವರೆ ಡಾಲರ್. ಹಾಕಿದ ಬಂಡವಾಳ ತೀರುತ್ತಾ ಬಂದ ಹಾಗೆ ಪಾಲು ಏರಬೇಕು, ಆದರೆ ಹೊಸ ಬಾವಿಗಳ ಖರ್ಚೂ ಇದೇ ಲೆಕ್ಕಕ್ಕೆ ಸೇರುತ್ತದೆ. ನನ್ನ ಪ್ರಕಾರ ಇದು ಗಡಿಬಿಡಿಯಲ್ಲಿ ಮಾಡಿಕೊಂಡ ದುಬಾರಿ ಒಪ್ಪಂದ. ಆದರೂ ಬಂದ ದುಡ್ಡಿನಿಂದ ರಸ್ತೆ, ಸೇತುವೆ, ಆಸ್ಪತ್ರೆ ಏಳುತ್ತಿರುವುದು ಕಣ್ಣಿಗೆ ಕಾಣುತ್ತದೆ. 2025ರಿಂದ ಗಯಾನಾ ವಿಶ್ವವಿದ್ಯಾಲಯದಲ್ಲಿ ಶುಲ್ಕವಿಲ್ಲ. 2024ರಲ್ಲಿ ಪ್ರತಿ ವಯಸ್ಕರಿಗೂ ಒಂದು ಲಕ್ಷ ಗಯಾನಾ ಡಾಲರ್ ಕೊಡುವುದಾಗಿ ಘೋಷಿಸಿದರು. ಲಕ್ಷ ಅಂದ ಕೂಡಲೇ ಹುಬ್ಬೇರಿಸಬೇಡಿ, ಅಮೆರಿಕದ ಲೆಕ್ಕದಲ್ಲಿ ಐನೂರು ಡಾಲರೂ ಆಗದು. ಅತ್ತ ಮನೆ ಬಾಡಿಗೆ, ತರಕಾರಿ ಬೆಲೆ ಸಿಕ್ಕಾಪಟ್ಟೆ ಏರಿದೆ. ಎಣ್ಣೆಯಲ್ಲಿ ಕೆಲಸ ಇರುವವನಿಗೂ ಕಬ್ಬು ಕಡಿಯುವವನಿಗೂ ಮಾರುಕಟ್ಟೆ ಒಂದೇ ಅಲ್ವಾ?

ಸರ್ಕಾರದ ಚೌಕಟ್ಟು ಸರಳ. 1966ರ ಮೇ 26ಕ್ಕೆ ಸ್ವಾತಂತ್ರ್ಯ, 1970ರಲ್ಲಿ ಗಣರಾಜ್ಯ. ಸಂಸತ್ತಿನಲ್ಲಿ 65 ಸ್ಥಾನ. ಜನ ಪಕ್ಷದ ಪಟ್ಟಿಗೆ ಮತ ಹಾಕುತ್ತಾರೆ. ಜಾಸ್ತಿ ಮತ ಬಿದ್ದ ಪಟ್ಟಿಯ ಅಧ್ಯಕ್ಷ ಅಭ್ಯರ್ಥಿಯೇ ದೇಶದ ಅಧ್ಯಕ್ಷ. ಕಗ್ಗಂಟು ಇರುವುದು ಜನಾಂಗದಲ್ಲಿ. 1950ರಲ್ಲಿ ಭಾರತ ಮೂಲದ ನಾಯಕ ಚೆಡ್ಡಿ ಜಗನ್ ಮತ್ತು ಆಫ್ರಿಕ ಮೂಲದ ಫೋರ್ಬ್ಸ್ ಬರ್ನ್‌ಹ್ಯಾಮ್ ಒಂದೇ ಪಕ್ಷದಲ್ಲಿದ್ದರು. 1953ರಲ್ಲಿ ಗೆದ್ದರು. ಬ್ರಿಟಿಷರು ಕಮ್ಯುನಿಸಂ ಭಯ ಹೇಳಿ 133 ದಿನಗಳಲ್ಲಿ ಆ ಸರ್ಕಾರವನ್ನೇ ಕಿತ್ತರು. ಆಮೇಲೆ ಇಬ್ಬರೂ ಬೇರೆಯಾದರು, ಮತದಾರರೂ ಬಹುಮಟ್ಟಿಗೆ ಭಾರತ ಮೂಲ, ಆಫ್ರಿಕ ಮೂಲ ಎಂದು ಹಂಚಿಹೋದರು. ಬರ್ನ್‌ಹ್ಯಾಮ್ ಅಕ್ರಮ ಚುನಾವಣೆಗಳ ಬಲದಿಂದ 1985ರಲ್ಲಿ ಸಾಯುವವರೆಗೆ ಆಳಿದರು. ನ್ಯಾಯವಾದ ಚುನಾವಣೆ ಮತ್ತೆ ನಡೆದದ್ದು 1992ರಲ್ಲೇ. ಆಗ ಜಗನ್ ಅಧ್ಯಕ್ಷರಾದರು.

ಇಲ್ಲೂ ಅಂಕಿಯ ಆಟವಿದೆ. 2018ರ ಡಿಸೆಂಬರ್‌ನಲ್ಲಿ ಆಡಳಿತ ಪಕ್ಷದ ಒಬ್ಬ ಸದಸ್ಯ ಅವಿಶ್ವಾಸದ ಪರ ಮತ ಹಾಕಿದರು. 33-32, ಸರ್ಕಾರ ಬಿತ್ತು. ಬಿದ್ದಿತಾ? ಆಗ ಒಂದು ವಾದ ಎದ್ದಿತು: 65ರ ಅರ್ಧ ಮೂವತ್ತೆರಡೂವರೆ, ಅರ್ಧ ಮನುಷ್ಯ ಇರಲಾರ, ಆದ್ದರಿಂದ ಅರ್ಧ ಅಂದರೆ 33, ಬಹುಮತಕ್ಕೆ 34 ಬೇಕು! ದೇಶದ ಮೇಲ್ಮನವಿ ನ್ಯಾಯಾಲಯ ಇದನ್ನು ಒಪ್ಪಿಯೂ ಬಿಟ್ಟಿತು. ಕೊನೆಗೆ ಕೆರಿಬಿಯನ್ ನ್ಯಾಯಾಲಯ 2019ರಲ್ಲಿ 33 ಸಾಕು ಎಂದಿತು. ಚುನಾವಣೆ ನಡೆದದ್ದು 2020ರ ಮಾರ್ಚ್‌ನಲ್ಲಿ, ಫಲಿತಾಂಶ ಘೋಷಣೆಯಾದದ್ದು ಆಗಸ್ಟ್‌ನಲ್ಲಿ. ಆಗ ಗೆದ್ದ ಇರ್ಫಾನ್ ಅಲಿ 2025ರಲ್ಲಿ ಮತ್ತೆ ಗೆದ್ದಿದ್ದಾರೆ.

ಇಷ್ಟು ಜಗಳವಾಡುವವರೂ ಒಂದೇ ದನಿಯಲ್ಲಿ ಮಾತಾಡುವ ವಿಷಯ ವೆನೆಜುವೆಲಾ. ಎಸ್ಸೆಕ್ವಿಬೊ ನದಿಯ ಪಶ್ಚಿಮಕ್ಕಿರುವ ನೆಲವೆಲ್ಲ, ಅಂದರೆ ದೇಶದ ಸುಮಾರು ಮೂರನೇ ಎರಡು ಭಾಗ, ತನ್ನದು ಎಂದು ಅದು ಹೇಳುತ್ತದೆ. 1899ರ ಗಡಿ ತೀರ್ಪನ್ನು ಒಪ್ಪುವುದಿಲ್ಲ. ಎಣ್ಣೆ ಸಿಕ್ಕ ಮೇಲೆ ಸದ್ದು ಜಾಸ್ತಿಯಾಗಿದೆ. 2023ರ ಡಿಸೆಂಬರ್‌ನಲ್ಲಿ ಈ ಬಗ್ಗೆ ಜನಮತವನ್ನೂ ತೆಗೆದುಕೊಂಡಿತು. ಗಯಾನಾ 2018ರಲ್ಲೇ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿದೆ. ಜಾರ್ಜ್‌ಟೌನ್‌ಗೆ ಹೋದರೆ ಅಲ್ಲಿನ ರಾಜಕೀಯದ ಬಗ್ಗೆ ಏನು ಬೇಕಾದರೂ ಕೇಳಿ, ತಮಾಷೆ ಮಾಡಿ. ಈ ಗಡಿಯ ವಿಷಯದಲ್ಲಿ ಮಾತ್ರ ತಮಾಷೆ ಬೇಡ.