ನೀವು ಕೇಳಿದ್ದು: ಜರ್ಮನ್ ಕ್ರಿಸ್‌ಮಸ್ ಮರಕ್ಕೆ ಮೊದಲು ಬತ್ತಿ, ಆಮೇಲೆ ಅಲಂಕಾರ

ನಮ್ಮ ನೆರೆಮನೆಯ ಜರ್ಮನ್ ಕುಟುಂಬ ಮರಕ್ಕೆ ನಿಜವಾದ ಮೇಣದ ಬತ್ತಿಯನ್ನೇ ಹಚ್ಚುತ್ತದೆ. ನಮಗೂ ಆಸೆ. ಎಲ್ಲಿಂದ ಶುರು ಮಾಡಬೇಕು? (ಓದುಗರು, ಷ್ಟುಟ್‌ಗಾರ್ಟ್)

ಬತ್ತಿಯಿಂದಲೇ. ಗಾಜಿನ ಗುಂಡು, ನಕ್ಷತ್ರ ಎಲ್ಲ ತೂಗಿಹಾಕಿ ಕೊನೆಗೆ ಬತ್ತಿಗೆ ಜಾಗ ಹುಡುಕಿದರೆ ಯಾವುದೋ ಅಲಂಕಾರದ ಕೆಳಗೆ ಉರಿ ಬಂದೇ ಬರುತ್ತದೆ.

ಮರ ತಾಜಾ ಇರಬೇಕು. ನೋರ್ಡ್‌ಮನ್ ಫಿರ್ ಎಂಬ ಜಾತಿಯ ಮರ ಸೂಜಿ ಎಲೆಗಳನ್ನು ಬಹುಕಾಲ ಹಿಡಿದಿಡುತ್ತದೆ. ಸ್ಪ್ರೂಸ್ ಎಂಬ ಜಾತಿ ಘಮಘಮ ಅನ್ನುತ್ತದೆ, ಆದರೆ ಬೆಚ್ಚಗಿನ ಕೋಣೆಯಲ್ಲಿ ಬೇಗ ಉದುರುತ್ತದೆ. ತಂದ ಮರವನ್ನು ಒಂದು ದಿನ ಬಾಲ್ಕನಿಯಲ್ಲಿಟ್ಟು, ಒಳಗೆ ತರುವ ಮುನ್ನ ಬುಡದಲ್ಲಿ 2–3 ಸೆಂ.ಮೀ. ಕೊಯ್ದು ತೆಗೆಯಿರಿ. ಹಳೆಯ ಕೊಯ್ತದ ಮೇಲೆ ರಾಳ ಕಟ್ಟಿ ನೀರಿನ ದಾರಿ ಮುಚ್ಚಿರುತ್ತದೆ. ಸ್ಟ್ಯಾಂಡಿಗೆ ಕೂರಲಿಲ್ಲವೆಂದು ತೊಗಟೆ ಕೆತ್ತಬೇಡಿ. ನೀರು ಏರುವುದು ತೊಗಟೆಯ ಕೆಳಗಿರುವ ಕಟ್ಟಿಗೆಯ ಹೊರ ಪದರದಲ್ಲೇ. ಸ್ಟ್ಯಾಂಡಿನ ನೀರು ದಿನಾ ನೋಡಿ, ಕೊಯ್ತ ಒಣಗಲು ಬಿಡಬೇಡಿ.

ಆಳೆತ್ತರದ ಮರಕ್ಕೆ 12–16 ಬತ್ತಿ ಸಾಕು. ಜೇನುಮೇಣದ್ದು ಒಳ್ಳೆಯದು. ಲೋಹದ ಕ್ಲಿಪ್ಪನ್ನು ಪೆನ್ಸಿಲ್ ದಪ್ಪದ ರೆಂಬೆಗೆ, ಹೊರತುದಿಯ ಹತ್ತಿರ ಕಚ್ಚಿಸಿ. ಎಳೆ ತುದಿ ಬಾಗಿದರೆ ಬತ್ತಿಯೂ ವಾಲುತ್ತದೆ, ಮೇಣ ಸುರಿಯುತ್ತದೆ. ಕೆಳಗೆ ಭಾರದ ಗುಂಡು ತೂಗುವ ಹಿಡಿಕೆಯಾದರೆ ಬತ್ತಿ ತಾನೇ ನೆಟ್ಟಗೆ ನಿಲ್ಲುತ್ತದೆ. ಪ್ರತಿ ಬತ್ತಿಯ ನೆತ್ತಿಯ ಮೇಲೆ ಕನಿಷ್ಠ 30 ಸೆಂ.ಮೀ. ಖಾಲಿ ಇರಲಿ.

ಹಚ್ಚುವುದು ಮೇಲಿನಿಂದ ಕೆಳಕ್ಕೆ, ಆರಿಸುವುದು ಕೆಳಗಿನಿಂದ ಮೇಲಕ್ಕೆ. ತಿರುವುಮುರುವು ಮಾಡಿದರೆ ಉರಿಯುವ ಬತ್ತಿಯ ಮೇಲೆ ಕೈ, ತೋಳು ಚಾಚಬೇಕಾಗುತ್ತದೆ. ಊದಬೇಡಿ, ಮೇಣ ಸಿಡಿಯುತ್ತದೆ. ಮುಚ್ಚಳದಂಥ ಆರಿಸುಗೆ ಬಳಸಿ. ಕಿಟಕಿ ಮುಚ್ಚಿ, ಒಂದು ಬಕೆಟ್ ನೀರು ಪಕ್ಕದಲ್ಲಿಡಿ, ಕೋಣೆ ಬಿಟ್ಟು ಕದಲಬೇಡಿ. ಅರ್ಧ ಗಂಟೆಗೆ ಆರಿಸಿ. ರೆಂಬೆ ಸವರಿದಾಗ ಸೂಜಿಗಳು ಉದುರತೊಡಗಿದರೆ ಆ ವರ್ಷಕ್ಕೆ ಬತ್ತಿ ಮುಗಿಯಿತು.

ಬತ್ತಿಯ ನಂತರ ಯಾವುದು?

ಕೆಂಪು ಸೇಬು ಮತ್ತು ಭಾರದ ಗುಂಡುಗಳನ್ನು ಕಾಂಡದ ಕಡೆಗೆ, ದಪ್ಪ ಕೊಂಬೆಗೆ ತೂಗಿಸಿ. ಸೇಬಿಗೆ ಅರ್ಥವಿದೆ: ಡಿಸೆಂಬರ್ 24 ನಿಷಿದ್ಧ ಹಣ್ಣು ತಿಂದ ಆದಾಮ–ಈವರ ದಿನ. 1605ರ ಷ್ಟ್ರಾಸ್‌ಬುರ್ಗ್‌ನ ಬರಹವೊಂದರಲ್ಲೇ ಮರಕ್ಕೆ ಸೇಬು, ಕಾಗದದ ಗುಲಾಬಿ ಕಟ್ಟುತ್ತಿದ್ದ ವಿವರ ಸಿಗುತ್ತದೆ. ಗಾಜಿನ ಗುಂಡು ಬಂದದ್ದು 19ನೇ ಶತಮಾನದಲ್ಲಿ, ಜರ್ಮನಿಯ ಥುರಿಂಗಿಯಾ ರಾಜ್ಯದ ಲೌಷಾ ಊರಿನಿಂದ. ಅದನ್ನು ತಲೆಯ ಲೋಹದ ಟೋಪಿ ಹಿಡಿದು ಎತ್ತಬೇಡಿ, ಟೋಪಿ ಕೈಯಲ್ಲಿ ಉಳಿದು ಗುಂಡು ನೆಲಕ್ಕೆ ಬೀಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಬಣ್ಣ ಏಳುತ್ತದೆ. ಮೆದು ಬ್ರಷ್ ಸಾಕು.

ಕೊನೆಗೆ ಲಮೆಟ್ಟಾ, ಅಂದರೆ ಬೆಳ್ಳಿಯಂತೆ ಹೊಳೆಯುವ ಎಳೆಗಳು. ಒಂದೊಂದೇ ಎಳೆ, ಒಳಗಿನಿಂದ ಹೊರಗೆ. ಹಿಡಿಹಿಡಿಯಾಗಿ ಎಸೆದರೆ ಜೇಡರ ಬಲೆಯಂತಾಗುತ್ತದೆ. ತಾಳ್ಮೆಯೇ ಇದರ ಚೆಲುವು. ಬತ್ತಿಯ ಹತ್ತಿರ ಮಾತ್ರ ಬೇಡ.

ಮಂಗಳೂರಿನಲ್ಲಿ ನಾವು ಗಾಳಿಮರದ ಕೊಂಬೆ ನಿಲ್ಲಿಸುತ್ತೇವೆ. ಅದಕ್ಕೆ ಜರ್ಮನ್ನರ ಹುಲ್ಲಿನ ನಕ್ಷತ್ರ ಹೊಂದುತ್ತದೆಯೇ?

ಬಹಳ ಚೆನ್ನಾಗಿ. ಗಾಳಿಮರದ ತೆಳು ರೆಂಬೆ ಗಾಜಿನ ಭಾರ ತಾಳದು, ಹುಲ್ಲು ಹಗುರ. ಬತ್ತಿ ಮಾತ್ರ ಖಂಡಿತ ಬೇಡ, ವಿದ್ಯುತ್ ದೀಪ ಹಾಕಿ.

ನಕ್ಷತ್ರಕ್ಕೆ ಜರ್ಮನಿಯಲ್ಲಿ ರೈ ಎಂಬ ಧಾನ್ಯದ ಹುಲ್ಲನ್ನು ಬಳಸುವುದುಂಟು. ಇಲ್ಲಿ ಉತ್ತರ ಕರ್ನಾಟಕದ ಗೋಧಿ ಹುಲ್ಲು ನಡೆಯುತ್ತದೆ. ಗೆಣ್ಣು ಬಿಟ್ಟು 10 ಸೆಂ.ಮೀ.ನ ನಾಲ್ಕು ಕಡ್ಡಿ ಕತ್ತರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಒಣ ಕಡ್ಡಿ ಸೀಳಿಹೋಗುತ್ತದೆ. ಚಪ್ಪಟೆ ಬೇಕಿದ್ದರೆ ಉದ್ದಕ್ಕೆ ಸೀಳಿ ಇಸ್ತ್ರಿ ಮಾಡಿ. ಬಿಸಿ ಹೆಚ್ಚಾದಷ್ಟೂ ಕಂದು. ಎರಡೆರಡು ಕಡ್ಡಿಯ ಎರಡು ಶಿಲುಬೆ ಮಾಡಿ, ಒಂದರ ಮೇಲೊಂದನ್ನು ಓರೆಯಾಗಿಟ್ಟು ನಡುವೆ ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ನೂಲು ಮೇಲಿನ ಶಿಲುಬೆಯ ಕಡ್ಡಿಗಳ ಮೇಲೆ, ಕೆಳಗಿನದರ ಕೆಳಗೆ ಹಾಯ್ದು ಸುತ್ತು ಮುಗಿಸಲಿ. ಹಿಂದೆ ಬಿಗಿಯಾಗಿ ಗಂಟು ಹಾಕಿ. ಹುಲ್ಲು ಒಣಗಿದಾಗ ಕುಗ್ಗುವುದರಿಂದ ಸಡಿಲ ಗಂಟು ಜಾರುತ್ತದೆ. ಎಂಟು ಕಿರಣದ ತುದಿಗಳನ್ನು ಕೊನೆಗೆ ಓರೆಯಾಗಿ ಕತ್ತರಿಸಿ.

ಗಾಜಿನ ಸೌತೆಕಾಯಿಯನ್ನು ಮರದಲ್ಲಿ ಬಚ್ಚಿಡುವುದು ಜರ್ಮನ್ ಪದ್ಧತಿಯೇ?

ಅಲ್ಲ. ಅದು ಅಮೆರಿಕದಲ್ಲಿ ಬೆಳೆದ ರೂಢಿ, ಹೆಚ್ಚಿನ ಜರ್ಮನ್ನರಿಗೆ ಅದು ಗೊತ್ತೇ ಇಲ್ಲ.

ಮರ ಯಾವಾಗ ನಿಲ್ಲಿಸಬೇಕು, ಯಾವಾಗ ತೆಗೆಯಬೇಕು?

ಸಂಪ್ರದಾಯದಂತೆ 24ರಂದೇ ಮುಚ್ಚಿದ ಬಾಗಿಲ ಹಿಂದೆ ಸಿಂಗರಿಸಿ, ಸಂಜೆ ಗಂಟೆ ಬಾರಿಸಿ ಮಕ್ಕಳನ್ನು ಕರೆಯುತ್ತಾರೆ. ಜನವರಿ 6ಕ್ಕೆ ತೆಗೆಯುವುದು ಸಾಮಾನ್ಯ. ಹಳೆಯ ಲಮೆಟ್ಟಾದಲ್ಲಿ ಸೀಸ ಇರುತ್ತಿತ್ತು. ಅದನ್ನು ಒಂದೆಳೆಯೂ ಬಿಡದೆ ಬಿಡಿಸಿ, ಕೈ ತೊಳೆದು, ಮಕ್ಕಳಿಗೆ ಸಿಗದಂತೆ ಎತ್ತಿಡಿ.