ವೈಟ್ ರಿಮ್ ಹಾದಿಯನ್ನು ಸೈಕಲ್ಲಿನಲ್ಲಿ ಸುತ್ತಲು ಮಂಡ್ಯದಲ್ಲಿದ್ದುಕೊಂಡೇ ಹೇಗೆ ಸಿದ್ಧನಾಗಬೇಕು?

ಅಕ್ಟೋಬರಿನಲ್ಲಿ ಅಮೆರಿಕದ ಅಕ್ಕನ ಮನೆಗೆ ಹೋಗುವವರಿದ್ದೀರಿ, ಯೂಟಾ ರಾಜ್ಯದ ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ವೈಟ್ ರಿಮ್ ಹಾದಿಯನ್ನು ಭಾವನ ಜೊತೆ ಸೈಕಲ್ಲಿನಲ್ಲಿ ಸುತ್ತಬೇಕೆಂದಿದ್ದೀರಿ. ಅದಕ್ಕೆ ಯಾವ ಸೈಕಲ್ ಕೊಳ್ಳಬೇಕು, ಒಂದೇ ದಿನದಲ್ಲಿ ಮುಗಿಸಬಹುದೇ ಎಂಬುದು ನಿಮ್ಮ ಪ್ರಶ್ನೆ. ರಜೆಯ ದಿನಗಳಲ್ಲಿ ಮಂಡ್ಯದಿಂದ ಮೇಲುಕೋಟೆಗೆ ಸೈಕಲ್ಲಿನಲ್ಲೇ ಹೋಗಿಬರುತ್ತೀರಿ ಎಂದೂ ಬರೆದಿದ್ದೀರಿ. ನಾನು ಮೈಸೂರಿನವಳು. ಗೆಳೆಯರೊಡನೆ, ರಾತ್ರಿ ಹೊತ್ತು ಅಲ್ಲಲ್ಲಿ ತಂಗುತ್ತ, ಹಿಂದೊಂದು ಜೀಪು ಇಟ್ಟುಕೊಂಡು ಈ ಹಾದಿಯನ್ನು ಸುತ್ತಿದ್ದೇನೆ. ನನ್ನ ಅಭಿಪ್ರಾಯದಲ್ಲಿ ಸೈಕಲ್ಲಿನ ಆಯ್ಕೆ ಎಲ್ಲಕ್ಕಿಂತ ಕೊನೆಯದು. ಮೊದಲು ತೀರ್ಮಾನವಾಗಬೇಕಾದದ್ದು ಕುಡಿಯುವ ನೀರು. ಎಷ್ಟು ದಿನ, ಎಷ್ಟು ಜನ, ಜೀಪು ಬೇಕೇ ಬೇಡವೇ ಎಂಬುದೆಲ್ಲ ಅದರಿಂದಲೇ ನಿರ್ಧಾರವಾಗುತ್ತದೆ.

ಆ ನೆಲದ ರಚನೆ ಕಣ್ಣಮುಂದಿದ್ದರೆ ನಾನು ಹೇಳುವುದು ಸ್ಪಷ್ಟವಾದೀತು. 1964ರಲ್ಲಿ ಸ್ಥಾಪನೆಯಾದ ಈ ಉದ್ಯಾನದಲ್ಲಿ ಕೊಲರಾಡೊ ಮತ್ತು ಗ್ರೀನ್ ಎಂಬ ಎರಡು ನದಿಗಳು ಕೂಡುತ್ತವೆ. ಅವುಗಳ ನಡುವೆ, ಸಮುದ್ರ ಮಟ್ಟದಿಂದ ಸುಮಾರು 6,000 ಅಡಿ ಎತ್ತರದಲ್ಲಿ, ಮೇಲ್ಭಾಗ ಚಪ್ಪಟೆಯಾಗಿರುವ ದೊಡ್ಡದೊಂದು ಪ್ರಸ್ಥಭೂಮಿ ನಿಂತಿದೆ. ಅದರ ಅಂಚಿನಿಂದ ಸುಮಾರು 1,200 ಅಡಿ ಕೆಳಗೆ ಬಿಳಿಯ ಮರಳುಗಲ್ಲಿನ ಅಗಲವಾದ ಜಗಲಿಯೊಂದು ಹರಡಿಕೊಂಡಿದೆ; ನದಿಗಳು ಅದಕ್ಕೂ ಸಾವಿರ ಅಡಿಯಷ್ಟು ಕೆಳಗೆ ಹರಿಯುತ್ತವೆ. ಈ ಜಗಲಿಯ ಮೇಲೆ ಸಾಗುವ ಮಣ್ಣುರಸ್ತೆಯೇ ವೈಟ್ ರಿಮ್. ಪ್ರಸ್ಥಭೂಮಿಯ ಮೇಲಿನ ರಸ್ತೆಯೂ ಸೇರಿ ಇಡೀ ಸುತ್ತು ಸುಮಾರು 160 ಕಿ.ಮೀ. 1950ರ ದಶಕದಲ್ಲಿ ಯುರೇನಿಯಂ ಹುಡುಕಲೆಂದು ಅಲ್ಲಿನ ಅಣುಶಕ್ತಿ ಆಯೋಗದ ಪ್ರೋತ್ಸಾಹದಿಂದ ಈ ರಸ್ತೆಯನ್ನು ಕಡಿದರು. ಯುರೇನಿಯಂ ಹೆಚ್ಚೇನೂ ದಕ್ಕಲಿಲ್ಲ, ರಸ್ತೆ ಮಾತ್ರ ಉಳಿಯಿತು.

ನಾವು ಕಾವೇರಿಯ ದಡದಲ್ಲಿ ಬೆಳೆದವರು. ಎಲ್ಲಿ ಸೈಕಲ್ ನಿಲ್ಲಿಸಿದರೂ ಒಂದು ಕೈಪಂಪೋ ಹೋಟೆಲೋ ಎಳನೀರಿನವರೋ ಸಿಕ್ಕೇ ಸಿಗುತ್ತಾರೆ ಎಂಬುದು ನಮ್ಮ ಲೆಕ್ಕದೊಳಗೆ ನಮಗೇ ತಿಳಿಯದಂತೆ ಸೇರಿಕೊಂಡಿರುತ್ತದೆ. ವೈಟ್ ರಿಮ್‌ನಲ್ಲಿ ಒಂದು ನಲ್ಲಿಯೂ ಇಲ್ಲ. ವರ್ಷಕ್ಕೆ 25 ಸೆಂ.ಮೀ.ಗಿಂತಲೂ ಕಡಿಮೆ ಮಳೆ ಬೀಳುವ ನಾಡದು. ನದಿ ಕಣ್ಣಿಗೆ ಕಂಡರೂ ಹಾದಿಯ ಬಹುಭಾಗದಲ್ಲಿ ಅದು ಕಡಿದಾದ ಬಂಡೆಗಳ ಕೆಳಗಿರುತ್ತದೆ. ಹಾದಿ ಗ್ರೀನ್ ನದಿಯ ಸಮೀಪಕ್ಕೆ ಇಳಿಯುವ ಪಶ್ಚಿಮ ಭಾಗದಲ್ಲಿಯೂ ನೀರಿನ ತುಂಬ ಹೂಳು ಇರುವುದರಿಂದ, ಅದನ್ನು ಪಾತ್ರೆಯಲ್ಲಿ ತಿಳಿಯಾಗಲು ಬಿಟ್ಟು, ಸೋಸಿ, ಶುದ್ಧೀಕರಿಸಿದ ಮೇಲಷ್ಟೇ ಕುಡಿಯಬೇಕಾಗುತ್ತದೆ. ಉದ್ಯಾನದವರು ಒಬ್ಬರಿಗೆ ದಿನಕ್ಕೆ ಕನಿಷ್ಠ 4 ಲೀಟರ್ ಹೇಳುತ್ತಾರೆ. ಬಿಸಿಲಿನಲ್ಲಿ ದಿನವಿಡೀ ತುಳಿಯುವವರಿಗೆ, ಅಡುಗೆಯೂ ಸೇರಿದರೆ, 6 ಲೀಟರ್ ಇಟ್ಟುಕೊಳ್ಳುವುದು ಕ್ಷೇಮ. ನೀವಿಬ್ಬರು, ಜೀಪು ನಡೆಸುವವರೊಬ್ಬರು, ಒಟ್ಟು ಮೂರು ದಿನ ಎಂದರೆ 54 ಲೀಟರ್, ಅಂದರೆ 54 ಕೆ.ಜಿ. ತೂಕ. ನಿಮ್ಮೊಬ್ಬರ ಪಾಲೇ 18 ಕೆ.ಜಿ. ಇಷ್ಟನ್ನು ಸೈಕಲ್ಲಿಗೆ ಕಟ್ಟಿಕೊಂಡು ಮರಳಿನಲ್ಲಿಯೂ ಏರಿನಲ್ಲಿಯೂ ಸಾಗುವುದು ಮೊದಲ ಸಲದವರಿಗೆ ಆಗುವ ಕೆಲಸವಲ್ಲ. ಆದ್ದರಿಂದ ಜೀಪು ಬೇಕೇ ಬೇಕು. ಅದು ನೆಲದಿಂದ ಸಾಕಷ್ಟು ಎತ್ತರವಿದ್ದು, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಸಿಗುವಂಥದ್ದಾಗಿರಬೇಕು. ಮಾಮೂಲಿ ಕಾರು ನಡೆಯುವುದಿಲ್ಲ. ಅಲ್ಲಿ ಕೆಟ್ಟುನಿಂತ ವಾಹನವನ್ನು ಎಳೆಸಿ ತರಲು ಸಾವಿರ ಡಾಲರಿಗೂ ಹೆಚ್ಚು ತೆರಬೇಕಾದೀತು. ಮೊಬೈಲ್ ಸಿಗ್ನಲ್ಲನ್ನು ನೆಚ್ಚಿಕೊಳ್ಳುವ ಹಾಗೆಯೂ ಇಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ನಮ್ಮಲ್ಲಿ ಬೆವರು ಅಂಗಿಗೆ ಅಂಟಿಕೊಂಡು, ಇನ್ನು ನೀರು ಕುಡಿ ಎಂದು ನೆನಪಿಸುತ್ತದೆ. ಅಲ್ಲಿನ ಒಣಹವೆಯಲ್ಲಿ ಬೆವರು ಹುಟ್ಟಿದಲ್ಲಿಯೇ ಆರಿಹೋಗುವುದರಿಂದ, ಮೈಯಿಂದ ಎಷ್ಟು ನೀರು ಹೋಯಿತೆಂಬುದು ತಲೆನೋವು ಶುರುವಾಗುವವರೆಗೂ ಗೊತ್ತಾಗುವುದಿಲ್ಲ. ಬಾಯಾರಿಕೆಗೆ ಕಾಯದೆ, ಗಡಿಯಾರ ನೋಡಿಕೊಂಡು ಕುಡಿಯಿರಿ. ಓಆರ್‌ಎಸ್ ಪೊಟ್ಟಣಗಳನ್ನು ಇಲ್ಲಿಂದಲೇ ಒಯ್ಯಿರಿ.

ಒಂದೇ ದಿನದಲ್ಲಿ ಸುತ್ತುವವರೂ ಇದ್ದಾರೆ, ನಿಜ. ನೀವು ಅದಕ್ಕೆ ಕೈಹಾಕಬೇಡಿ. ಅಕ್ಟೋಬರಿನಲ್ಲಿ ಅಲ್ಲಿ ಹಗಲು ಇರುವುದೇ ಸುಮಾರು 11 ಗಂಟೆ. ಕಲ್ಲು ಮರಳಿನ 160 ಕಿ.ಮೀ.ಗೆ ಅದು ಸಾಲದು, ಕೊನೆಯ ಏರುಗಳನ್ನು ಕತ್ತಲೆಯಲ್ಲಿ, ಖಾಲಿಯಾದ ಬಾಟಲಿಗಳೊಂದಿಗೆ ಹತ್ತಬೇಕಾಗುತ್ತದೆ. ಮೂರು ಹಗಲು, ನಡುವೆ ಎರಡು ರಾತ್ರಿ ಎಂದು ಇಟ್ಟುಕೊಳ್ಳಿ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಸುತ್ತುವುದು ನನಗೆ ಹೆಚ್ಚು ಸರಿಯೆನಿಸುತ್ತದೆ. ಶೇಫರ್ ಎಂಬಲ್ಲಿ ತಿರುವು ತಿರುವಾಗಿ ಸುಮಾರು 1,500 ಅಡಿ ಇಳಿದು ಜಗಲಿಯನ್ನು ಸೇರುತ್ತೀರಿ. ಹಿಂದೆ ದನಗಾಹಿಗಳು ಬಳಸುತ್ತಿದ್ದ ಕಾಲುದಾರಿಯನ್ನೇ ಯುರೇನಿಯಂ ಲಾರಿಗಳಿಗಾಗಿ ಅಗಲ ಮಾಡಿದ ರಸ್ತೆಯದು. ಮೊದಲ ದಿನ ಹೆಚ್ಚು ಕಷ್ಟವಿಲ್ಲದೆ ಸಾಗಿ ಗೂಸ್‌ಬೆರಿ ತಂಗುದಾಣ ಮುಟ್ಟಬಹುದು. ಎರಡನೆಯ ದಿನ ಮರ್ಫಿ ಹಾಗ್‌ಬ್ಯಾಕ್ ಎಂಬ ದಿಣ್ಣೆ ಎದುರಾಗುತ್ತದೆ. ಅದರ ಕೊನೆಯ ಭಾಗವನ್ನು ಸೈಕಲ್ ತಳ್ಳಿಕೊಂಡು ಹತ್ತುವವರೇ ಹೆಚ್ಚು. ಮೇಲೆ ನಿಂತರೆ ಎರಡೂ ಕಡೆಯ ಕಣಿವೆಗಳು ಒಟ್ಟಿಗೇ ಕಾಣುತ್ತವೆ. ಈ ಸುತ್ತಿನಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಜಾಗ ಅದು, ಅಲ್ಲಿ ಅವಸರ ಮಾಡಬೇಡಿ. ಮೂರನೆಯ ದಿನ ನದಿಯ ಬದಿಯ ಮರಳು, ಹಾರ್ಡ್‌ಸ್ಕ್ರಾಬಲ್ ಏರು, ಕಡೆಗೆ ಮಿನರಲ್ ಬಾಟಮ್‌ನಿಂದ ಮತ್ತೆ ಮೇಲಕ್ಕೆ ಹತ್ತುವ ತಿರುವುಗಳು. ಈ ತಿರುವುಗಳನ್ನು 2010ರ ಆಗಸ್ಟಿನಲ್ಲಿ ದಿಢೀರ್ ಪ್ರವಾಹ ಕೊಚ್ಚಿಹಾಕಿತ್ತು, ಮತ್ತೆ ಕಟ್ಟಬೇಕಾಯಿತು. ಹೊರಡುವ ಹಿಂದಿನ ದಿನ ಹವಾಮಾನವನ್ನೂ ರಸ್ತೆಯ ಸ್ಥಿತಿಯನ್ನೂ ಉದ್ಯಾನದ ಕಚೇರಿಯಲ್ಲಿ ವಿಚಾರಿಸಲೇಬೇಕು.

ಇನ್ನು ಇಲ್ಲಿನ ಅಭ್ಯಾಸ. ಮೇಲುಕೋಟೆಯ ಏರು ಕಾಲಿಗೆ ಒಳ್ಳೆಯದೇ, ಆದರೆ ಅದು ಡಾಂಬರು. ನಿಮಗೆ ಬೇಕಾದದ್ದು ಮರಳು ಮತ್ತು ಜಲ್ಲಿ. ಟಿ. ನರಸೀಪುರದ ಮೇಲೆ ತಲಕಾಡಿಗೆ ಹೋಗಿ, ದೇವಸ್ಥಾನಗಳ ಸುತ್ತಲಿನ ದಿಬ್ಬಗಳನ್ನು ಬಿಟ್ಟು, ಹೊಳೆದಂಡೆಯ ಮರಳಿನಲ್ಲಿ ಸೈಕಲ್ ತುಳಿದು ನೋಡಿ. ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಬೇಕು, ಹಗುರ ಗೇರಿನಲ್ಲಿ ಸಮನಾಗಿ ತುಳಿಯಬೇಕು, ಮೈಭಾರ ಹಿಂದಕ್ಕಿರಬೇಕು, ಹ್ಯಾಂಡಲ್ಲನ್ನು ಬಿಗಿಹಿಡಿದು ತಿರುಗಿಸಲು ಹೋಗಬಾರದು. ಓದಿದರೆ ಇದು ಬರುವುದಿಲ್ಲ, ನಾಲ್ಕಾರು ಸಲ ಮರಳಿನಲ್ಲಿ ಹೂತರೆ ಬರುತ್ತದೆ. ನಿಮ್ಮೂರಿನ ಹತ್ತಿರವೇ ವಿ.ಸಿ. ನಾಲೆಯ ಏರಿಯ ಮೇಲಿನ ಮಣ್ಣುದಾರಿಗಳಿವೆ. ಗಂಟೆಗಟ್ಟಲೆ ಕುಲುಕಾಟ ಸಹಿಸಲು ಕೈಗೂ ಬೆನ್ನಿಗೂ ಅವು ಕಲಿಸುತ್ತವೆ. ತಡೆಗೋಡೆ ಇಲ್ಲದ ಕಡೆ ನೀರಿನ ಅಂಚಿನಿಂದ ದೂರವಿರಿ. ಶೇಫರ್ ಇಳಿಜಾರಿಗೂ ಅಂಚಿನಲ್ಲಿ ತಡೆಗೋಡೆಯಿಲ್ಲದ್ದರಿಂದ, ಆ ಎಚ್ಚರ ಇಲ್ಲೇ ರೂಢಿಯಾಗಲಿ. ಚಾಮುಂಡಿ ಬೆಟ್ಟದ ರಸ್ತೆ ಹೆಚ್ಚುಕಡಿಮೆ ಸಾವಿರ ಅಡಿ ಏರುತ್ತದೆ, ಅಂದರೆ ಶೇಫರ್ ಅದರ ಒಂದೂವರೆ ಪಟ್ಟು. ಬೆಟ್ಟವನ್ನು ಹತ್ತುವುದಷ್ಟೇ ಅಲ್ಲ, ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತ ನಿಧಾನವಾಗಿ ಇಳಿಯುವುದನ್ನೂ ಅಭ್ಯಾಸ ಮಾಡಿ. ಎಲ್ಲಕ್ಕಿಂತ ಮುಖ್ಯವಾಗಿ, ಶನಿವಾರ ದೂರ ತುಳಿದು ಭಾನುವಾರ ಬೆಳಿಗ್ಗೆ ನೋಯುವ ಕಾಲುಗಳಲ್ಲೇ ಮತ್ತೆ ಹೊರಡಿ.

ಊಟದ ವಿಷಯ ಬಹಳವಿಲ್ಲ. ಮೇಲುಕೋಟೆಯ ಪುಳಿಯೋಗರೆ ಗೊಜ್ಜು ಕೆಡುವುದಿಲ್ಲ, ಆದರೆ ಅನ್ನಕ್ಕೆ ನೀರು ಬೇಕು. ಅವಲಕ್ಕಿಗೆ ಕಲಸಿಕೊಂಡರೆ ನೀರು ಉಳಿಯುತ್ತದೆ. ಹುರಿಹಿಟ್ಟು, ಕಡಲೆಮಿಠಾಯಿ ಜೇಬಿನಲ್ಲಿರಲಿ. ಅಲ್ಲಿ ಶರತ್ಕಾಲದ ಹಗಲು 15ರಿಂದ 27 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ರಾತ್ರಿ ಸೊನ್ನೆಯ ಹತ್ತಿರಕ್ಕೂ ಇಳಿಯಬಹುದು. ಸೌದೆ ಒಟ್ಟಿ ಬೆಂಕಿ ಕಾಯಿಸಲು ಅನುಮತಿಯಿಲ್ಲವಾದ್ದರಿಂದ ಬೆಚ್ಚನೆಯ ಹೊದಿಕೆಯನ್ನು ಜೀಪಿನಲ್ಲಿ ಇಟ್ಟಿರಬೇಕು.

ರಸ್ತೆ ಬಿಟ್ಟು ಪಕ್ಕಕ್ಕೆ ಸೈಕಲ್ ಇಳಿಸುವುದು ನಿಷಿದ್ಧ. ಅಲ್ಲಿನ ಮಣ್ಣಿನ ಮೇಲೆ ಕಪ್ಪಗೆ ಹೆಪ್ಪುಗಟ್ಟಿದ ಪದರ ನಿರ್ಜೀವವಾದುದಲ್ಲ. ಸೂಕ್ಷ್ಮಜೀವಿಗಳು ಮಣ್ಣಿನ ಕಣಗಳನ್ನು ಹಿಡಿದಿಟ್ಟು ಕಟ್ಟಿದ್ದು. ಒಂದು ಟೈರು ಹರಿದರೆ ಅದು ಮತ್ತೆ ಕೂಡಿಕೊಳ್ಳಲು ದಶಕಗಳೇ ಬೇಕು. ದಯವಿಟ್ಟು ಫೋಟೋಗಾಗಿ ಕೂಡ ಅದರ ಮೇಲೆ ಕಾಲಿಡಬೇಡಿ.

ಸೈಕಲ್ಲನ್ನು ಇಲ್ಲಿಂದ ಒಯ್ಯುವ ಅಗತ್ಯವಿಲ್ಲ, ಹೊಸದನ್ನು ಕೊಳ್ಳುವುದೂ ಬೇಡ. ಹತ್ತಿರದ ಪಟ್ಟಣವಾದ ಮೋಆಬ್‌ನಲ್ಲಿ ಒಳ್ಳೆಯ ಮೌಂಟನ್ ಬೈಕುಗಳು ಬಾಡಿಗೆಗೆ ಸಿಗುತ್ತವೆ. ಅಗಲ ಟೈರಿನ, ಟ್ಯೂಬಿಲ್ಲದ, ಮುಳ್ಳು ಚುಚ್ಚಿದರೆ ತಾನೇ ಮುಚ್ಚಿಕೊಳ್ಳುವ ದ್ರವ ತುಂಬಿಸಿದ ಚಕ್ರಗಳನ್ನೇ ಕೇಳಿ ಪಡೆಯಿರಿ. ನಿಮಗೆ ಒಗ್ಗಿದ ಸೀಟನ್ನು ಮಾತ್ರ ಬಿಚ್ಚಿ ಜೊತೆಯಲ್ಲಿ ತನ್ನಿ. ಆದರೆ ಇದೆಲ್ಲಕ್ಕಿಂತ ಮೊದಲು, ರಾತ್ರಿ ತಂಗಲು ಪರವಾನಗಿ ಕಡ್ಡಾಯ. ಅಕ್ಟೋಬರಿನ ಜಾಗಗಳು ತಿಂಗಳುಗಟ್ಟಲೆ ಮುಂಚೆಯೇ ತುಂಬಿಹೋಗುತ್ತವೆ. ಒಂದು ತಂಡದಲ್ಲಿ 15 ಜನರಿಗೆ, 3 ವಾಹನಗಳಿಗೆ ಮಾತ್ರ ಅವಕಾಶ. ನಿಮಗೆ ಅದು ತೊಡಕಾಗದು. ಗೂಸ್‌ಬೆರಿಯಲ್ಲಿ ಒಂದು ರಾತ್ರಿ, ಪೊಟ್ಯಾಟೊ ಬಾಟಮ್‌ನಲ್ಲಿ ಒಂದು ರಾತ್ರಿ ಸಿಗುವಂತೆ ಭಾವನವರು ಈಗಲೇ ಆನ್‌ಲೈನಿನಲ್ಲಿ ಪ್ರಯತ್ನಿಸಲಿ. ಆ ಎರಡು ತಾರೀಖುಗಳು ಖಚಿತವಾದ ಮೇಲೆ ವಿಮಾನದ ಟಿಕೆಟ್ ತೆಗೆಯಿರಿ.